ಮೇಜಿನ ಮೇಲೆ ಎರಡು ಡಬ್ಬಿ

ವೆಂಡೆಲ್ ಸ್ಟೊರ್ಲಿಯ ಅಜ್ಜ ಹಾಲ್ವರ್, ಕುರಿದೊಡ್ಡಿಗೆ ನುಗ್ಗಿದ ಕರಡಿಯನ್ನು ಒಂದೇ ಈಡಿಗೆ ಕೆಡವಿದವನು. ಅಪ್ಪ ಎಮಿಲ್, ಹಿಮ ಬಿದ್ದು ದಾರಿ ಮುಚ್ಚಿಹೋದ ವರ್ಷ ಮೂರು ಮನೆಗಳಿಗೆ ಎಲ್ಕ್ ಜಿಂಕೆಯ ಮಾಂಸ ಹೊತ್ತು ಹಾಕಿದವನು. ಖಾಲಿ ಕೊಳವೆಗೆ ಸಿಡಿಮದ್ದು ತುಂಬಿ, ಮೇಲೆ ಗುಂಡು ಕೂರಿಸಿ ಕೋವಿಯ ತೋಟಾ ಕಟ್ಟುವ ವಿದ್ಯೆಯನ್ನು ಮಗನ ಕೈಗೆ ದಾಟಿಸಿದವನೂ ಅವನೇ. ಮಾಂಟಾನಾದ ಆ ಕಣಿವೆಯಲ್ಲಿ ಸ್ಟೊರ್ಲಿ ಮನೆಯವರು ಅಂಗಡಿಯ ತೋಟಾ ಮುಟ್ಟಿದ್ದನ್ನು ಕಂಡವರಿಲ್ಲ.

ವೆಂಡೆಲ್‌ಗೆ ಈಗ ಎಪ್ಪತ್ತಮೂರು. ಡೊಂಕುಕೊಂಬಿನ ಕಾಡುಟಗರು ಹೊಡೆಯುವ ಪರವಾನಗಿ ಚೀಟಿಗಾಗಿ ಇಪ್ಪತ್ತಾರು ವರ್ಷ ಅರ್ಜಿ ಹಾಕಿ ಕಾದಿದ್ದ. ಈ ಸಲ ಲಾಟರಿಯಲ್ಲಿ ಹೆಸರು ಎದ್ದಿತು. ಅಂಥ ಚೀಟಿ ಬದುಕಿನಲ್ಲಿ ಒಮ್ಮೆ ಸಿಕ್ಕರೆ ಸಿಕ್ಕಿತು. ಟಗರು ನಿಲ್ಲುವುದು ಕಮರಿಯಾಚೆಯ ಬಂಡೆಯ ಮೇಲೆ. ಐನೂರು ಗಜದಿಂದ ಹೊಡೆಯಬೇಕಾದೀತು. ಅದಕ್ಕೇ ಬೇಸಿಗೆಯಿಡೀ ತನ್ನ ಕೋವಿಗೆ ಒಗ್ಗುವ ತೋಟಾ ಹುಡುಕಿದ. ಮದ್ದನ್ನು ಚಿಟಿಕೆಗಿಂತಲೂ ಕಡಿಮೆ ಏರಿಸಿ ಮೂರು ತೋಟಾ ಕಟ್ಟುವುದು, ಹುಲ್ಲುಗಾವಲಿನಲ್ಲಿ ಕಾಗದಕ್ಕೆ ಹೊಡೆಯುವುದು, ಬರೆದಿಡುವುದು, ಗುಂಡನ್ನು ಕೂದಲೆಳೆಯಷ್ಟು ಒಳಕ್ಕೆ ಕೂರಿಸಿ ಮತ್ತೆ ಹೊಡೆಯುವುದು. ಆಗಸ್ಟ್‌ನಲ್ಲೊಂದು ಬೆಳಿಗ್ಗೆ ಮೂರು ತೂತು ಒಂದನ್ನೊಂದು ಮುಟ್ಟಿಕೊಂಡು ಬಿದ್ದವು. ಅದೇ ಅಳತೆಯಲ್ಲಿ ನಲವತ್ತು ಕಟ್ಟಿಟ್ಟ.

ಬೇಟೆಗೆ ನಾಲ್ಕು ದಿನ ಇದೆ ಎನ್ನುವಾಗ ಷೆಡ್ಡಿಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟ. ಮೇಜಿನ ಮೇಲೆ ಮದ್ದಿನ ಡಬ್ಬಿ ಎರಡಿದ್ದವು. ತೋಟಾ ಕಟ್ಟುವವನ ಮೇಜಿನ ಮೇಲೆ ಒಂದೇ ಡಬ್ಬಿ ಇರಬೇಕು; ಮಿಕ್ಕಿದ್ದೆಲ್ಲ ಕಪಾಟಿನೊಳಗೆ. ಎರಡರಲ್ಲೂ ಇದ್ದದ್ದು ಬೂದುಬಣ್ಣದ ಸಣ್ಣ ಕಡ್ಡಿಚೂರು, ಕಣ್ಣಿಗೆ ಒಂದೇ ಥರ. ಆದರೆ ಒಂದು ನಿಧಾನಕ್ಕೆ ಉರಿಯುವ ಮದ್ದು. ಇನ್ನೊಂದು ಭಗ್ಗನೆ ಹತ್ತಿಕೊಂಡು ಕೋವಿಯನ್ನೇ ಕೆನ್ನೆಯ ಪಕ್ಕದಲ್ಲಿ ಸೀಳುವಂಥದ್ದು. ನಲವತ್ತಕ್ಕೂ ತುಂಬಿದ್ದು ಯಾವುದು? ಎರಡನೆಯ ಡಬ್ಬಿಯನ್ನು ತೆಗೆದದ್ದು ಯಾವತ್ತು? ಸ್ಟೂಲಿನ ಮೇಲೆ ಕೂತು ತಲೆ ಕೆದಕಿಕೊಂಡ. ಏನೂ ನೆನಪಿಗೆ ಬರಲಿಲ್ಲ.

ಮಧ್ಯಾಹ್ನ ನೆರೆಮನೆಯ ಗೆಳೆಯ ರಾಸ್ಕೊ ಬಾಡಿನ್ ಬಂದಾಗ ವೆಂಡೆಲ್ ಒಂದೊಂದೇ ತೋಟಾವನ್ನು ಬಿಚ್ಚುವ ಸುತ್ತಿಗೆಯೊಳಗೆ ಸಿಕ್ಕಿಸಿ, ಬಡಿದು ಗುಂಡು ಕಳಚುತ್ತಿದ್ದ.

"ಏನೋ ಇದು, ಕಟ್ಟಿದ್ದನ್ನೆಲ್ಲ ಬಿಚ್ತಾ ಕೂತಿದ್ದೀಯ? ಟಗರಿನ ಮೇಲೆ ಕನಿಕರ ಬಂತಾ?"

"ಮೇಜಿನ ಮೇಲೆ ಎರಡು ಡಬ್ಬಿ ಇತ್ತು ಕಣೋ."

ರಾಸ್ಕೊನ ನಗು ಇಂಗಿತು. "ಯಾರಿಗಾದ್ರೂ ಆಗತ್ತೆ ಬಿಡೋ."

"ನಿನಗೆ ಹೇಗಾಗತ್ತೆ? ನೀನು ಅಂಗಡಿ ತೋಟಾದವನು."

"ಅದನ್ನೇ ತಗೊಂಡು ಹೋಗು ಮಹರಾಯ. ಟ್ರಕ್ಕಲ್ಲಿ ಎರಡು ಪೊಟ್ಟಣ ಇದೆ."

"ನಿನ್ನ ತೋಟಾಗೆ ಕೊಟ್ಟಿಗೆ ಗೋಡೆ ಸಿಕ್ಕಿದ್ರೇ ಹೆಚ್ಚು."

"ಸರಿ, ಹಾಗಾದ್ರೆ ಹೊಸ ಡಬ್ಬಿ ಒಡಿ. ನಾನು ಪಕ್ಕದಲ್ಲಿ ಕೂತು ಡಬ್ಬಿ ಮೇಲಿನ ಹೆಸರು ಓದ್ತೀನಿ, ನೀನು ತುಂಬು. ಸಂಜೆಯೊಳಗೆ ಇಪ್ಪತ್ತಾಗತ್ತೆ. ಬೆಟ್ಟಕ್ಕೂ ಜೊತೇಲಿ ಬರ್ತೀನಿ."

ವೆಂಡೆಲ್ ಕಳಚಿದ ಮದ್ದನ್ನು ಹೊರಗಿನ ಹುಲ್ಲಿಗೆ ಚೆಲ್ಲಿ ಬಂದ. ಹೋದ ತಿಂಗಳು ಒಲೆ ಉರಿಯಬಿಟ್ಟು ಪೇಟೆಗೆ ಹೋದದ್ದನ್ನು, ಬರುವಾಗ ತನ್ನ ಮನೆಯ ತಿರುವನ್ನೇ ದಾಟಿ ಹೋದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಿಸೆಯಿಂದ ಪರವಾನಗಿ ಚೀಟಿ ತೆಗೆದು ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿದ.

"ಬೇಡ ರಾಸ್ಕೊ. ಡಬ್ಬಿ ನೀನು ಓದ್ತೀಯ, ಒಪ್ಕೊಂಡೆ. ಬೆಟ್ಟದ ಮೇಲೆ ಕೋವೀಲಿ ಈಡು ಇದೆಯೋ ಇಲ್ವೋ ಅನ್ನೋದೇ ನನಗೆ ಮರೆತ್ರೆ, ಮುಂದೆ ನಡೀತಿರೋನು ನೀನೇ ಅಲ್ವೇನೋ? ಬೇಡ. ಮನೆಗೆ ಹೋಗು."