ಪೆಟ್ಟಿಗೆ ಮೀನು ಮತ್ತು ತಮ್ಮನ ಕೈ

ನಾನು ಓದಿದ್ದು ಮೂರನೇ ಇಯತ್ತೆಯವರೆಗೆ. ಬರೆದು ರೂಢಿಯಿಲ್ಲ. ಬಾಯಲ್ಲಿ ಒಮ್ಮೆ ಹೇಳಿ ನೋಡಿದೆ, ಅದು ಪೂರ್ತಿಯಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೆಂಗಿನಗುಂಡಿಯಲ್ಲಿ ನಮ್ಮ ಮನೆ. ಹಿಂದೆ ಎರಡು ಗದ್ದೆ, ಮುಂದೆ ಸಮುದ್ರ. ಅಪ್ಪ ಗದ್ದೆ ಮಾಡುತ್ತಿದ್ದ, ಚಿಕ್ಕಪ್ಪ ದೋಣಿಗೆ ಹೋಗುತ್ತಿದ್ದ. ನನಗಿಂತ ಎರಡು ವರ್ಷ ಸಣ್ಣವನಾದ ತಮ್ಮನದು ಒಳ್ಳೆಯ ಕೈಗುಣ ಎಂದು ಅವನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ತೀರ್ಮಾನಿಸಿಬಿಟ್ಟಿದ್ದಳು. ಗದ್ದೆಗೆ ಮೊದಲ ಹಿಡಿ ಬೀಜ ಅವನೇ ಹಾಕಬೇಕು. ಸೌತೆ ಬೀಜ ಅವನೇ ಊರಬೇಕು. ನೆರೆಮನೆಯವರೂ ಕರೆದೊಯ್ಯುತ್ತಿದ್ದರು. ತಿರುಗಿ ಬರುವಾಗ ಅವನ ಕಿಸೆಯಲ್ಲಿ ಬೆಲ್ಲ ಇರುತ್ತಿತ್ತು. ನಾನು ಊರಿದ ಬೀಜವೂ ಮೊಳೆಯುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಗಾಳಕ್ಕೆ ಸಿಕ್ಕಿಸಲು ಬೇಕಾದ ಸಣ್ಣ ಮೀನುಗಳನ್ನು ಚಿಕ್ಕಪ್ಪ ಜಗಲಿಯ ಪಕ್ಕದ ಬಾನಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಇಡುತ್ತಿದ್ದ. ಅದರಿಂದ ಮೊದಲ ಮೀನನ್ನು ಎತ್ತಿಕೊಡುವುದೂ ತಮ್ಮನೇ.

ನನಗೆ ಹನ್ನೆರಡು ವರ್ಷವಿದ್ದಾಗ ಒಂದು ಬೆಳಿಗ್ಗೆ ಚಿಕ್ಕಪ್ಪ ಸಮುದ್ರದ ನಡುವಿನ ನೇತ್ರಾಣಿ ಗುಡ್ಡದ ಕಡೆಯಿಂದ ಬಂದವನು ನೀರು ತುಂಬಿದ ಮಡಕೆಯೊಂದನ್ನು ನನ್ನ ಕೈಗೆ ಕೊಟ್ಟ. ಒಳಗೊಂದು ಮೀನು. ಅರಿಶಿನದ ಬಣ್ಣ, ಮೈತುಂಬ ಕರಿ ಚುಕ್ಕೆ. ಬೆಂಕಿಪೆಟ್ಟಿಗೆಯ ಹಾಗೆ ನಾಲ್ಕು ಮೂಲೆ. ಮುಟ್ಟಿದರೆ ಎಲುಬಿನಷ್ಟು ಗಟ್ಟಿ. ಮೈ ಎಲ್ಲೂ ಬಗ್ಗುತ್ತಿರಲಿಲ್ಲ. ಕಣ್ಣು, ಬಾಲ, ರೆಕ್ಕೆ ಮಾತ್ರ ಅಲ್ಲಾಡುತ್ತಿದ್ದವು. ಯಾರನ್ನೋ ಪೆಟ್ಟಿಗೆಯೊಳಗೆ ಕೂಡಿಹಾಕಿದ್ದು, ಅವರು ತೂತಿನಿಂದ ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು.

"ಇದ್ನ ಎಂತ ಮಾಡೂದು ಚಿಕ್ಕಪ್ಪ?"

"ಎಂತದೂ ಮಾಡೂದಿಲ್ಲ. ನೋಡು, ಆಮೇಲೆ ನೀರಿಗೆ ಬಿಡು. ಬೇರೆ ಮೀನಿನ ಒಟ್ಟಿಗೆ ಮಾತ್ರ ಹಾಕ್ಬೇಡ."

"ಕಚ್ತದಾ?"

"ಕಚ್ಚೂಕೆ ಅದ್ರ ಬಾಯಿ ನಿನ್ನ ಬಾಯಷ್ಟು ದೊಡ್ಡದಾ? ಹೆದ್ರಿದ್ರೆ ಮೈಯಿಂದ ಸಾಬೂನಿನ ನೊರೆಯಂಥದ್ದು ಬಿಡ್ತದೆ. ಸುತ್ತ ಇದ್ದ ಮೀನೆಲ್ಲ ಸಾಯ್ತವೆ."

ಇಷ್ಟು ಹೇಳಿ ಅವನು ಬಲೆ ಒಣಗಿಸಲು ದಂಡೆಗೆ ಹೋದ. ಆ ಮಾತು ಕೇಳಿದವಳು ನಾನೊಬ್ಬಳೇ.

ಅಜ್ಜಿ ಜಗಲಿಯಲ್ಲಿ ಹರಿವೆ ಸೊಪ್ಪು ಸೋಸುತ್ತಿದ್ದಳು. ಅವಳು ತಲೆ ತಗ್ಗಿಸಿದ ಹೊತ್ತಿನಲ್ಲಿ ನಾನು ಆ ಮೀನನ್ನು ಬಾನಿಗೆ ಬಿಟ್ಟೆ. ಪೊರಕೆಯ ಹಿಡಿಕಡ್ಡಿಯಿಂದ ಚುಚ್ಚಿದೆ, ಮತ್ತೂ ಚುಚ್ಚಿದೆ. ನೀರಿನ ಮೇಲೆ ಸಣ್ಣ ನೊರೆ ಎದ್ದಿತು. ತೆಂಗಿನ ಗೆರಟೆಯಲ್ಲಿ ನೀರಿನ ಸಮೇತ ಮೀನನ್ನು ಎತ್ತಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೂತೆ. ಒಂದೇ ಒಂದು ದಿನ ತಮ್ಮನ ಕೈಗೆ ಸತ್ತ ಮೀನು ಬರಲಿ ಎಂದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ತಮ್ಮ ಬಂದ. ಮೊದಲ ಮೀನು ಎತ್ತಲು ಬಾನಿಗೆ ಕೈ ಹಾಕಿದ. ಆಗಲೇ ಮೀನುಗಳು ಮಗುಚತೊಡಗಿದವು. ಮೊದಲು ಒಂದು, ಅವನ ಬೆರಳಿನ ಪಕ್ಕದಲ್ಲಿ, ಬಿಳಿ ಹೊಟ್ಟೆ ಮೇಲಾಗಿ. ಆಮೇಲೆ ಎರಡು. ಆಮೇಲೆ ಅವನ ಕೈಯ ಸುತ್ತ ಎಲ್ಲವೂ ಸದ್ದಿಲ್ಲದೆ ತೇಲಿದವು. ಒಂದಕ್ಕೂ ಗಾಯವಿರಲಿಲ್ಲ. ಅವನು ಕೈ ಹೊರತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಅಜ್ಜಿ ಎದ್ದು ಬಂದು ಬಾನಿ ನೋಡಿದಳು, ಅವನ ಕೈ ನೋಡಿದಳು.

"ತಮಾ, ಎಂತ ಮುಟ್ಟಿ ಬಂದೆ ನೀನು?"

"ಎಂತದೂ ಮುಟ್ಲಿಲ್ಲ ಅಜ್ಜಿ."

ಗೆರಟೆಯಲ್ಲಿದ್ದ ಹಳದಿ ಮೀನೂ ಅಷ್ಟರಲ್ಲಿ ಮಗುಚಿತ್ತು. ಅದರ ನಂಜು ಅದಕ್ಕೇ ತಾಗಿತ್ತು. ಹೊಯಿಗೆಯಲ್ಲಿ ಹೂತುಬಿಟ್ಟೆ. ಮಧ್ಯಾಹ್ನ ಚಿಕ್ಕಪ್ಪ, "ಆ ಮೀನು ಎಂತ ಮಾಡ್ದೆ?" ಎಂದು ಕೇಳಿದ. "ಬಿಟ್ಟೆ," ಎಂದೆ.

ಆ ವರ್ಷ ಮೊದಲ ಹಿಡಿ ಬೀಜ ಅಪ್ಪನೇ ಹಾಕಿದ. ಯಾರೂ ತಮ್ಮನಿಗೆ ಬೈಯಲಿಲ್ಲ, ಕರೆಯಲೂ ಇಲ್ಲ. ಅವನು ಕೈಯನ್ನು ಬೂದಿ ಹಚ್ಚಿ ತೊಳೆಯುವುದು ಶುರುವಾಯಿತು. ಮಳೆಗಾಲದಲ್ಲಿ ಗದ್ದೆಯಂಚಿನ ನೀರಿಗೆ ಮೊಣಕೈವರೆಗೆ ಅದ್ದಿ, ಕಪ್ಪೆಮರಿಗಳು ಸಾಯುತ್ತವೆಯೋ ಎಂದು ಉಸಿರು ಬಿಗಿಹಿಡಿದು ಕೂರುತ್ತಿದ್ದ. ಮನೆಗೆ ಬಂದು ನನ್ನ ಕಿವಿಯಲ್ಲಿ, "ಇವತ್ತು ಸಾಯ್ಲಿಲ್ಲ ಅಕ್ಕ," ಎನ್ನುತ್ತಿದ್ದ. ಆಗಲಾದರೂ ಹೇಳಬಹುದಿತ್ತು. ಅಷ್ಟರಲ್ಲಿ ನೆರೆಯವರು ಸೌತೆ ಬೀಜ ಊರಲು ನನ್ನನ್ನು ಕರೆಯತೊಡಗಿದ್ದರು. ಬೆಲ್ಲ ನನ್ನ ಸೆರಗಿನಲ್ಲಿತ್ತು.

ಮರುವರ್ಷ ಅವನು ನೀರು ಕುಡಿಸಿದ ಕರುವೊಂದು ಸತ್ತಿತು. ಕರುಗಳು ಸಾಯುವುದುಂಟು. ಆದರೆ ಅಂದಿನಿಂದ ಅವನು ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ನಡೆದ. ದೊಡ್ಡವನಾದ ಮೇಲೆ ಭಟ್ಕಳದ ಕಡೆ ಚಿರೆಕಲ್ಲು ಕಡಿಯುವ ಕೆಲಸ ಹಿಡಿದ. ಯಾಕೆ ಎಂದರೆ, "ಕಲ್ಲಿಗೆ ಎಂತ ಆಗ್ತದೆ?" ಎಂದ.

ನನ್ನನ್ನು ಹಿರೇಗುತ್ತಿ ಊರಿಗೆ ಮದುವೆ ಮಾಡಿ ಕೊಟ್ಟರು. ಮೊದಲ ಮಗುವಿಗೆ ಎರಡು ತಿಂಗಳಾದಾಗ ತಮ್ಮ ನೋಡಲು ಬಂದ. ಹೊನ್ನಾವರದಲ್ಲಿ ತಾರಿ ದೋಣಿ ಹತ್ತಿ ಹೊಳೆ ದಾಟಿ, ಕುಮಟೆಯಲ್ಲಿ ಬಸ್ಸು ಬದಲಿಸಿ ಬಂದವನು ಬಾಗಿಲಲ್ಲೇ ನಿಂತ. ಕೈಗಳು ಕಂಕುಳಲ್ಲಿ.

"ಎತ್ಕೊ," ಎಂದೆ.

"ಬ್ಯಾಡ ಅಕ್ಕ. ನೋಡ್ದೆ, ಆತು."

ಆಗ ಹೇಳಿದೆ. ಹಳದಿ ಮೀನು, ಹಿಡಿಕಡ್ಡಿ, ಗೆರಟೆ, ಎಲ್ಲವನ್ನೂ. ಅವನು ಸಿಟ್ಟಾಗಲಿಲ್ಲ.

"ಕರುವಿಗೆ ಎಂತ ಆಗಿತ್ತು ಹಾಗಾದ್ರೆ?"

"ರೋಗ ಇತ್ತೇನ. ನಿನ್ನ ಕೈಯಲ್ಲಿ ಎಂತದೂ ಇಲ್ಲ ತಮಾ. ಇದ್ದದ್ದು ನನ್ನ ಕೈಯಲ್ಲಿ."

ಅವನು ಮೆಲ್ಲಗೆ ಕೈಗಳನ್ನು ಹೊರತೆಗೆದ. ಕೆಂಪು ಧೂಳು ಕೂತ, ಬಿರುಕು ಬಿಟ್ಟ ದೊಡ್ಡ ಕೈಗಳು. ಮಗುವಿನ ಕಡೆ ಚಾಚಿದ.

ಆ ಕೈಯಲ್ಲಿ ಏನೂ ಇಲ್ಲವೆಂದು ಜಗತ್ತಿನಲ್ಲಿ ಖಚಿತವಾಗಿ ಗೊತ್ತಿದ್ದವಳು ನಾನೊಬ್ಬಳೇ. ಆದರೂ ನನ್ನ ತೋಳು ಮಗುವನ್ನು ಹಿಂದಕ್ಕೆ ಎಳೆದುಕೊಂಡಿತು. ಒಂದು ಬೆರಳಿನಷ್ಟು, ಹೆಚ್ಚಿಲ್ಲ.

ಅವನು ನೋಡಿದ. ಕೈಗಳನ್ನು ಮತ್ತೆ ಕಂಕುಳಿಗೆ ಸೇರಿಸಿದ.

"ನೀನು ಹೇಳಿದ್ದು ಒಳ್ಳೇದಾತು ಅಕ್ಕ," ಎಂದ. "ಕಡೇ ಬಸ್ಸು ತಪ್ತದೆ. ಬತ್ತೆ."

ನೀರು ಕೊಟ್ಟೆ. ಲೋಟವನ್ನು ಅವನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ನೆಲಕ್ಕಿಡು ಎಂದು ಕಣ್ಣಲ್ಲೇ ತೋರಿಸಿದ, ಇಟ್ಟ ಮೇಲೆ ಎತ್ತಿ ಕುಡಿದ.