ಸುಂದ್ರವ್ವನ ಲಿಂಗ, ಹುಕ್ಕೇರಿಯ ತಿಜೋರಿ

ಗೋಕಾಕದ ಬಜಾರದಲ್ಲಿ ಭಾಂಡೆ-ಪಾತ್ರೆಗಳ ಅಂಗಡಿ ಇಟ್ಟಿದ್ದ ಮುರಿಗೆಪ್ಪನ ಹೆಂಡತಿ ಸುಂದ್ರವ್ವ, ಬೆಳಿಗ್ಗೆ ಜಳಕ ಮಾಡಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವ ತನಕ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕಿದವಳಲ್ಲ. ಜ್ವರ ಬಂದು ನಾಲಿಗೆ ಒಣಗಿದಾಗಲೂ ಇಲ್ಲ. ಹೊಳೆಗೆ ಮಹಾಪೂರ ಬಂದು ಓಣಿಯವರೆಲ್ಲ ಮಾಳಿಗೆ ಹತ್ತಿ ಕೂತ ದಿನವೂ ಇಲ್ಲ. ಅವತ್ತು ಮಾಳಿಗೆಯ ಮೇಲೆಯೇ, ಅತ್ತೆ ಹಿಡಿದ ಕೊಡೆಯ ಕೆಳಗೆ ಪೂಜೆ ಮುಗಿಸಿದ್ದಳು.

"ನಿನ್ನ ಶಿವ ಎಲ್ಲೂ ಓಡಿ ಹೋಗೂದಿಲ್ಲವಾ. ಒಂದ ಗುಟುಕ ಚಾ ಕುಡದ ಕೂಡಬಾರದ?" ಎಂದು ಅತ್ತೆ ಗೌರವ್ವ ಆಗಾಗ ಕೆಣಕುತ್ತಿದ್ದಳು.

"ಓಡಿ ಹೋಗೂದಿಲ್ಲ, ಖರೆ ಅತ್ತಿ. ಅಂವನ್ನ ಕಾಯಾಕ ಯಾಕ ಹಚ್ಚೂದ್ರಿ?" ಎನ್ನುತ್ತಿದ್ದಳು ಸುಂದ್ರವ್ವ.

ಅಂಥವಳ ಶಿವನೇ ಒಂದು ದಿನ ಕಬ್ಬಿಣದ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ.

ಅದು ಮೂವತ್ತರ ದಶಕದ ಒಂದು ಬೇಸಿಗೆ. ಹುಕ್ಕೇರಿಯಲ್ಲಿ ಅರಿವೆ ಅಂಗಡಿ ನಡೆಸುತ್ತಿದ್ದ ಅಣ್ಣಾಸಾಹೇಬರು ಹೆಂಡತಿ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ, ತುಕ್ಕಾನಟ್ಟಿಯ ಮಗಳ ಮನೆಗೆ ಹೊರಟಿದ್ದರು. ಅವರ ತಿಜೋರಿಯನ್ನು ಮುರಿಗೆಪ್ಪ ಕೊಂಡ. ಅದಕ್ಕೆ ಕೀಲಿಕೈ ಇಲ್ಲ. ಕದದ ನಡುವೆ ಅಂಕಿ ಕೊರೆದ ಹಿತ್ತಾಳೆಯ ಒಂದು ಚಕ್ರ. ಗೊತ್ತುಮಾಡಿದ ಅಂಕಿಗಳಿಗೆ ಸರಿಯಾಗಿ ಅದನ್ನು ಅತ್ತಿತ್ತ ತಿರುಗಿಸಿದರಷ್ಟೇ ಕದ ತೆರೆಯುತ್ತದೆ.

"ಅಂಕಿ ಹೇಳ್ರಿ ಕಾಕಾ" ಎಂದು ಕೇಳಿದ್ದ ಮುರಿಗೆಪ್ಪ.

"ಅಂಕಿ ನನ್ನ ತಲ್ಯಾಗ ಎಲ್ಲೈತಿ? ಕೈಯಾಗ ಐತಿ" ಎಂದು ಮುದುಕರು ಅಂಗೈ ತೋರಿಸಿದ್ದರು. "ಇಷ್ಟ ವರ್ಷ ಕೈ ತನ್ನಷ್ಟಕ್ಕ ತಾನ ತಿರುವೇತಿ. ಈಗ ತೆರದ ಕೊಡತೇನಿ, ತೆರದ ಒಯ್ಯಿ. ಬೆಳಗಾಂವಿಯಿಂದ ಕಾರಾಗೀರ ಬಂದು ಹೊಸಾ ಅಂಕಿ ಕೂಡಿಸೋತನಕಾ ಕದಾ ಹಾಕಿ ಚಕ್ರಾ ಮಾತ್ರ ತಿರುವಬ್ಯಾಡ, ನೋಡು."

ಮುರಿಗೆಪ್ಪ ಕದವನ್ನು ಹಗ್ಗದಿಂದ ಕಟ್ಟಿ, ಅರ್ಧ ತೆರೆದ ಬಾಯಿಯ ತಿಜೋರಿಯನ್ನು ಬಂಡಿಯಲ್ಲಿ ಹೇರಿಕೊಂಡು ಗೋಕಾಕಕ್ಕೆ ತಂದ. ಅದನ್ನು ಒಳಗಿಳಿಸುವಷ್ಟರಲ್ಲಿ ಓಣಿಯ ಗಂಡಸರ ಸೊಂಟವೆಲ್ಲ ಹಿಡಿದುಕೊಂಡಿತ್ತು.

ಆ ಮನೆಯಲ್ಲಿ ಒಂದು ರೂಢಿಯಿತ್ತು. ಮುಚ್ಚಳವಿರುವ ಹೊಸ ವಸ್ತು ಯಾವುದೇ ಬರಲಿ, ಜೋಳದ ಪೆಟ್ಟಿಗೆಯಿರಲಿ, ಹಿಟ್ಟಿನ ಡಬ್ಬಿಯಿರಲಿ, ಮೊದಲು ಮನೆಯ ಸೊಸೆ ತನ್ನ ಲಿಂಗವನ್ನು ಅದರೊಳಗಿಟ್ಟು, ಹೂವೇರಿಸಿ, ಒಮ್ಮೆ ಮುಚ್ಚಿ ತೆಗೆಯಬೇಕು. ಲಿಂಗ ಅಂಗವನ್ನು ಬಿಟ್ಟಿರಬಾರದೆಂಬುದು ಹಿರಿಯರ ನಿಯಮ. ಆದರೆ ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತಿಗೆ ಶಿವ ಮುನಿಯಲಾರನೆಂದು ಆ ಮನೆಯವರು ನಂಬಿದ್ದರು. ಮರುದಿನ ಬೆಳಿಗ್ಗೆ ಜಳಕ ಮಾಡಿ ಬಂದ ಸುಂದ್ರವ್ವ, ಪೂಜೆಗೆ ಮುಂಚೆ, ಕೊರಳಿಂದ ಬಿಚ್ಚಿದ ಬೆಳ್ಳಿಯ ಕರಡಿಗೆಯೊಳಗಿನ ಲಿಂಗವನ್ನು ತಿಜೋರಿಯ ಮೇಲಿನ ಖಾನೆಯಲ್ಲಿಟ್ಟು ಕಣಗಿಲೆ ಹೂವೇರಿಸಿದಳು.

"ಮುಚ್ಚಲೇ?" ಎಂದ ಮುರಿಗೆಪ್ಪ.

"ಮುಚ್ಚಪಾ" ಎಂದಳು ಗೌರವ್ವ.

ಮುಚ್ಚಿದ. ಮುಚ್ಚಿದ್ದಷ್ಟೇ ಅಲ್ಲ, ಹುಕ್ಕೇರಿಯಲ್ಲಿ ಮುದುಕರು ತಿರುವಿದ ಠೀವಿ ಕಣ್ಣಲ್ಲಿದ್ದುದರಿಂದ ಚಕ್ರವನ್ನು ಗರಗರ ತಿರುವಿಯೂ ಬಿಟ್ಟ. ಒಳಗೆ ಏನೋ ಕಟ್ಟೆಂದಿತು. ಮುರಿಗೆಪ್ಪನ ಕೈ ಗಾಳಿಯಲ್ಲೇ ನಿಂತಿತು.

ಗೌರವ್ವ ಹಣೆ ಬಡಿದುಕೊಂಡಳು. "ಮುಚ್ಚು ಅಂದರ ತಿರುವು ಅಂದೇನೇನೋ, ಗೂಳಿ!"

ಸುಂದ್ರವ್ವ ಬರಿದಾದ ಕೊರಳನ್ನು ಮುಟ್ಟಿ ನೋಡಿಕೊಂಡಳು. ಗಂಡನ ಮುಖ ನೋಡಿ ಬಯ್ಯಲು ಮನಸ್ಸಾಗಲಿಲ್ಲ. "ತುಕ್ಕಾನಟ್ಟಿಗೆ ಹೋಗಿ ಕಾಕಾನ್ನ ಕರಕೊಂಡ ಬರ್ರಿ" ಎಂದಳಷ್ಟೇ. ಮುರಿಗೆಪ್ಪ ಚಹಾ ಕುಡಿಯದೆ ಟಾಂಗಾ ಹತ್ತಿದ.

ಸುದ್ದಿ ಹಬ್ಬಿ, ಬಾಜೂ ಮನೆಯ ಕಮ್ಮಾರ ಲಕ್ಕಪ್ಪ ಹಾರೆ, ಸುತ್ತಿಗೆ ಹಿಡಿದೇ ಬಂದ. "ವೈನಿ, ನೀವು ಹ್ಞೂಂ ಅನ್ರಿ. ಇದರ ಹಲ್ಲ ಉದರಸ್ತೇನಿ."

"ಹಲ್ಲ ಉದರೂವಾಗ ಒಳಗಿನಾಂವ ಒಡದರ?"

ಒಡೆದ ಲಿಂಗ ಪೂಜೆಗೆ ಸಲ್ಲದು. ಲಕ್ಕಪ್ಪ ತಲೆ ಕೆರೆದುಕೊಂಡು ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿದ.

ಬಿಸಿಲೇರಿತು. ಸೊಸೆಯ ತುಟಿ ಬಿಳಿಚಿದ್ದು ನೋಡಿ ಗೌರವ್ವನಿಗೆ ತಡೆಯಲಾಗಲಿಲ್ಲ. ತಂಬಿಗೆ ತಂದು ಮುಂದಿಟ್ಟಳು, ತೆಗೆದಳು, ಮತ್ತೆ ಇಟ್ಟಳು. "ನಿಡಸೋಸಿ ಮಠಕ್ಕ ಹೋಗಿ ಬ್ಯಾರೆ ಲಿಂಗಾ ಕಟ್ಟಿಸ್ಕೊಂಡ ಬರೂಣವಾ. ಅಪ್ಪಗೋಳು ಇಲ್ಲ ಅನ್ನೂದಿಲ್ಲ."

"ಗಂಡ ಬಾಜೂ ಕೋಣ್ಯಾಗ ಸಿಕ್ಕೊಂಡಾನಂತ ಯಾರರ ಬ್ಯಾರೆ ಗಂಡನ್ನ ಮಾಡ್ಕೋತಾರೇನ್ರಿ ಅತ್ತಿ?"

ಗೌರವ್ವ ಕಣ್ಣೊರೆಸಿಕೊಳ್ಳಲು ಎತ್ತಿದ ಸೆರಗಿನಲ್ಲೇ ನಗಲಾರಂಭಿಸಿದಳು.

ಟಾಂಗಾ ಬಂದಾಗ ಹೊತ್ತು ಇಳಿದಿತ್ತು. ಅಣ್ಣಾಸಾಹೇಬರು ಉದ್ದನೆಯ ಕೋಟಿನ ಧೂಳು ಕೊಡವಿ ನೇರವಾಗಿ ತಿಜೋರಿಯ ಮುಂದೆ ನಿಂತರು. ಚಕ್ರ ತಿರುವಿದರು. ಕದ ಅಲುಗಲಿಲ್ಲ. ಮತ್ತೆ ತಿರುವಿದರು. ಬಾಗಿಲಲ್ಲಿ ಓಣಿಯೇ ನೆರೆದಿತ್ತು.

"ನೆನಪ ಮಾಡ್ಕೋರಿ ಕಾಕಾ!" ಎಂದು ಮುರಿಗೆಪ್ಪ ಅಂಗಲಾಚಿದ.

"ನೆನಪ ಮಾಡ್ಕೊಂಡರ ಬರೂದಿಲ್ಲೋ ಮಾರಾಯಾ. ಅಡಿಕಿ ಕತ್ತರಸೂವಾಗ ಬೆರಳ ಎಲ್ಲಿಡಬೇಕಂತ ವಿಚಾರ ಮಾಡಿದರ ಬೆರಳ ಹೋಗತೈತಿ!" ಮುದುಕರು ಬೆವರಿದ್ದರು. ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು, ಯಾರದೋ ಕೈ ಎಂಬಂತೆ.

ಸುಂದ್ರವ್ವ ಎಲ್ಲರನ್ನೂ ಹೊರಗೆ ಕಳಿಸಿದಳು. ಮುದುಕರನ್ನು ಪಡಸಾಲೆಯ ಕಂಬಕ್ಕೆ ಒರಗಿಸಿ ಕೂಡ್ರಿಸಿ, ಬೀಸಣಿಕೆ ಹಿಡಿದು ಎದುರಿಗೆ ಕೂತಳು. ಓಣಿಯ ಹೆಂಗಸರು ತಮ್ಮ ಸುಖದುಃಖ ಹೇಳಿಕೊಳ್ಳಲು ಅವಳಲ್ಲಿಗೇ ಬರುತ್ತಿದ್ದರು. ನಡುವೆ ಬಾಯಿ ಹಾಕದೆ ಕೇಳುವವಳೆಂದರೆ ಅವಳೊಬ್ಬಳೇ.

"ತಿಜೋರಿ ಇರ್ಲಿ ಬಿಡ್ರಿ ಕಾಕಾ. ಹುಕ್ಕೇರ್ಯಾಗ ನಿಮ್ಮ ಮುಂಜಾನಿ ಹೆಂಗ ಇರತಿತ್ತ್ರಿ?"

ಅಣ್ಣಾಸಾಹೇಬರು ಮೊದಲು ಬಿಗಿದುಕೊಂಡೇ ಇದ್ದರು. ಹಿತ್ತಲ ಬಾವಿಯ ತಣ್ಣೀರಿನ ಮಾತು ಬಂತು. ಆಮೇಲೆ ಹೆಂಡತಿ ಪಾರವ್ವನ ಮಾತು ಬಂತು, ಬಾಯಿ ಸಡಿಲವಾಯಿತು. "ಪೂಜಿ ಮುಗಿಸಿ, ಹಣೀ ಮ್ಯಾಲಿನ ಇಬತ್ತಿ ಇನ್ನೂ ಹಸೀ ಇರೂವಾಗನ ತಿಜೋರಿ ಮುಂದ ಮಣೀ ಹಾಕ್ಕೊಂಡ ಕೂಡತಿದ್ದೆ ತಂಗಿ. ಮೊದಲ ತಿಜೋರಿ, ಆಮ್ಯಾಲ ಹೊಟ್ಟಿ. ಅಕೀ ಚಾದ ಬಟ್ಟಲಾ ಹಿಡಕೊಂಡ ಬೆನ್ನ ಹಿಂದ ನಿಂತ ಬೈಯಾಕಿ. 'ಲಗೂನ ತಗೀರಿ, ಚಾ ಆರತೈತಿ!' ದಿನಾ ಅದ ಹಾಡ." ಅವರು ನಕ್ಕರು, ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು.

ಸುಂದ್ರವ್ವನ ಬೀಸಣಿಕೆ ನಿಂತಿತು.

"ಕಾಕಾ, ಸಂಜೀ ಪೂಜಿ ಹೊತ್ತ ಹೆಂಗೂ ಆತು. ಹಿತ್ತಲದಾಗ ತಣ್ಣೀರ ತುಂಬೈತಿ. ಜಳಕಾ ಮಾಡಿ ಪೂಜಿಗಿ ಕೂಡ್ರಿ" ಎಂದಳು. ತಿಜೋರಿಯ ಮಾತನ್ನೇ ಎತ್ತಲಿಲ್ಲ.

ಮುದುಕರು ಜಳಕ ಮಾಡಿದರು. ದೇವರ ಕೋಣೆಯಲ್ಲಿ ಪೂಜೆಗೆ ಕೂತರು. ಅಷ್ಟರಲ್ಲಿ ಸುಂದ್ರವ್ವ ತಿಜೋರಿಯ ಮುಂದೆ ಮಣೆ ಹಾಕಿ, ಒಲೆಯ ಮೇಲೆ ಚಹಾ ಇಟ್ಟಳು. ಬೆಲ್ಲ, ಶುಂಠಿಯ ವಾಸನೆ ಮನೆ ತುಂಬಿತು; ಬೆಳಗಿನಿಂದ ಒಣಗಿದ ಅವಳ ಗಂಟಲು ಒಮ್ಮೆ ಏರಿಳಿಯಿತು. ಅಣ್ಣಾಸಾಹೇಬರು ಹಣೆಯ ಹಸಿ ವಿಭೂತಿಯೊಡನೆ ಹೊರಗೆ ಬಂದರು, ಮಣೆ ಕಂಡರು, ಕೂತರು. ಸುಂದ್ರವ್ವ ಬಟ್ಟಲು ಹಿಡಿದು ಅವರ ಬೆನ್ನ ಹಿಂದೆ ನಿಂತು, ಸಿಡುಕುವ ದನಿಯಲ್ಲಿ ಹೇಳಿದಳು:

"ಲಗೂನ ತಗೀರಿ, ಚಾ ಆರತೈತಿ!"

"ತಡೀ ಅಂದ್ರ!" ಎಂದು ಮುದುಕರು ಗದರಿದರು. ಯಾರನ್ನು ಗದರಿದೆನೆಂದು ಅವರಿಗೇ ತಿಳಿಯುವ ಮೊದಲು, ಎಡಗೈ ಹೆಗಲ ಮೇಲಿನ ವಲ್ಲಿಯನ್ನು ಚಕ್ರದ ಮೇಲೆ ಎಳೆದು ಮರೆಮಾಡಿತು, ಬಲಗೈ ಅದರ ಕೆಳಗೆ ಹೊಕ್ಕಿತು. ಗರ್‍ರ್, ಗರ್‍ರ್. ಕಟ್ಟೆಂದಿತು. ಕದ ಸರಿಯಿತು.

ಒಳಗೆ ಕರಡಿಗೆ ಇಟ್ಟಲ್ಲೇ ಇತ್ತು, ಕಣಗಿಲೆ ಮಾತ್ರ ಬಾಡಿತ್ತು.

ಹೊರಗಿನಿಂದ ಲಕ್ಕಪ್ಪ ಕೂಗಿದ್ದಕ್ಕೆ ಟಾಂಗಾದ ಕುದುರೆ ಬೆದರಿತು. ಗೌರವ್ವ ಮಗನ ಬೆನ್ನಿಗೆ ಒಂದು ಗುದ್ದಿದಳು, ಸಂತೋಷಕ್ಕೆ. ಸುಂದ್ರವ್ವ ಲಿಂಗವನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಅವಳು ಪೂಜೆ ಮುಗಿಸಿ, ತಂಬಿಗೆ ಎತ್ತಿ ನೀರು ಕುಡಿಯುವ ತನಕ ಓಣಿಯವರು ಬಾಗಿಲು ಬಿಟ್ಟು ಕದಲಲಿಲ್ಲ. ಅಣ್ಣಾಸಾಹೇಬರ ಚಹಾ ಖರೆಯೇ ಆರಿಹೋಗಿತ್ತು.

ಊಟಕ್ಕೆ ಕೂತಾಗ ಮುರಿಗೆಪ್ಪ ಹುಳ್ಳಗೆ ಕೇಳಿದ: "ಕಾಕಾ, ಅಂಕಿ ಏನರ ಕಂಡೂ?"

"ವಲ್ಲಿ ಅಡ್ಡ ಇತ್ತಲ್ಲೋ!" ಮುದುಕರು ರೊಟ್ಟಿ ಮುರಿಯುತ್ತ ನಕ್ಕರು. ಆಮೇಲೆ ಸುಂದ್ರವ್ವನ ಕಡೆ ತಿರುಗಿದರು. "ತಂಗಿ, ಬೆಳಗಾಂವಿ ಕಾರಾಗೀರ ನನ್ನ ಮಾತ ಮೀರೂದಿಲ್ಲ. ನಾಳೆನ ಕರಸ್ತೇನಿ, ಅವನ ಖರ್ಚ ನಂದು. ನೀ ಹೇಳಿದ್ದ ಅಂಕಿ ಕೂಡಸ್ತಾನ, ನಿನಗ ಒಬ್ಬಾಕಿಗೇ ಗೊತ್ತಿರೂವಂಗ. ಮಾಡಸಲೇನು?"

ಮುರಿಗೆಪ್ಪನ ಮುಖ ಅರಳಿತು.

"ಬ್ಯಾಡ್ರಿ ಕಾಕಾ" ಎಂದಳು ಸುಂದ್ರವ್ವ, ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ. "ಅಂಕಿ ನಿಮ್ಮ ಕೈಯಾಗನ ಇರ್ಲಿ. ಇವರು ಮತ್ತ ಕದಾ ಹಾಕಿದರ ಟಾಂಗಾ ಕಳಸ್ತೇನಿ, ಬಂದ ನನ್ನ ಕಡಿಂದ ಬೈಸ್ಕೊಂಡ ಹೋಗ್ರಿ."

ಮುದುಕರು ತಲೆ ಬಾಗಿಸಿ ಉಣ್ಣತೊಡಗಿದರು. ಸುಂದ್ರವ್ವ ಎದ್ದು ಹೋಗಿ, ತಿಜೋರಿಯ ಕದ ತಾನಾಗಿ ಮುಚ್ಚದಂತೆ ಅದರ ಸಂದಿಗೆ ಖಾರ ಕುಟ್ಟುವ ಒನಕೆಯನ್ನು ಅಡ್ಡ ಇಟ್ಟಳು.