ಜಾಲಂಧ್ರದ ಒಂದೇ ತೂತು

ಸರಸ್ವತಿಪುರಂನ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಮುಕ್ಕಾಲು ಗಂಟೆ. ಊರಾಚೆ, ಬಿದ್ದ ಮಂಟಪಗಳ ನಡುವೆ ಹಳೆಯ ಈಶ್ವರನ ಗುಡಿ. ಅಮ್ಮನ ಹರಕೆ ಅಲ್ಲಿತ್ತು. ಅರ್ಚಕರು ಬೆಳಗಿನ ಪೂಜೆ ಮುಗಿಸಿ ಬೀಗ ಹಾಕಿದರೆ ಮತ್ತೆ ಬರುವುದು ಮರುದಿನವೇ.

ಸ್ಕೂಟರನ್ನು ರಸ್ತೆಯಲ್ಲೇ ನಿಲ್ಲಿಸಿ, ಚಪ್ಪಡಿಗಳ ಮೇಲೆ ಬರಿಗಾಲಲ್ಲಿ ನಡೆದೆವು. ಅರ್ಚಕರು ಹಿಂದಿನ ಬಾವಿಗೆ ಹೋಗಿದ್ದರು, ಬಾಗಿಲು ತೆರೆದಿತ್ತು. ಗರ್ಭಗುಡಿಯ ಸುತ್ತಲಿನ ಕತ್ತಲೆ ಓಣಿಯಲ್ಲಿ ಪ್ರದಕ್ಷಿಣೆಗೆ ಹೊರಟೆವು. ಹಿಂಗೋಡೆಯ ಕೆತ್ತನೆಗೆ ಮೊಬೈಲ್ ಬೆಳಕು ಹಿಡಿದು ನಿಂತಿದ್ದಾಗ ಬಾಗಿಲು ಎಳೆದ ಸದ್ದು, ಬೀಗದ ಸದ್ದು. ಓಡಿ ಬಂದು ಬಾಗಿಲು ಬಡಿದೆ. ಹೊರಗೆ ಮೊಪೆಡ್ ಹೊರಟುಹೋಯಿತು.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಬಾವಲಿ ಹಿಕ್ಕೆಯ ಘಾಟಿಗೆ ಅಮ್ಮನ ಉಬ್ಬಸ ಕೆರಳಿತು. ಅವಳ ಇನ್‌ಹೇಲರ್ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಓಣಿಯಲ್ಲಿದ್ದ ಕಲ್ಲಿನ ಜಾಲಂಧ್ರದ ಗಾಳಿತೂತುಗಳಿಗೆ ಯಾರೋ ಸಿಮೆಂಟು ಮೆತ್ತಿದ್ದರು. ಉಳಿದದ್ದು ಮುಷ್ಟಿಯಷ್ಟು ಅಗಲದ ಒಂದು ತೂತು. ಅಮ್ಮ ಅದಕ್ಕೆ ಬಾಯಿಟ್ಟು ಉಸಿರೆಳೆಯುತ್ತಿದ್ದಳು. ನಾನು ಕೂಗಬೇಕಾದರೂ ಅದೇ ತೂತು. ಅವಳನ್ನು ಸರಿಸಿ ಕೂಗುವುದು, ಮತ್ತೆ ಅವಳನ್ನು ಅಲ್ಲಿ ನಿಲ್ಲಿಸುವುದು. ಹೀಗೇ ಎಷ್ಟು ಹೊತ್ತು ನಡೆಯಿತೋ.

ಕೊನೆಗೆ ಆಡು ಮೇಯಿಸುವ ಹೆಂಗಸೊಬ್ಬಳು ಹತ್ತಿರ ಬಂದಳು.

"ಯಾರವ್ವಾ ಒಳಗೆ?"

"ಬೀಗ ಹಾಕ್ಬುಟ್ರು ಕಣಮ್ಮ. ನಮ್ಮಮ್ಮಂಗೆ ಉಸ್ರು ಆಡ್ತಿಲ್ಲ. ಅರ್ಚಕರನ್ನ ಕರೀರಿ."

"ಬಾಗ್ಲಲ್ಲಿ ಚಪ್ಲಿ ಇಲ್ದಿದ್ರೆ ಒಳಗೆ ಜನ ಇಲ್ಲ ಅಂತ್ಲೇ ಐನೋರ ಲೆಕ್ಕ. ನಿಮ್ ಚಪ್ಲಿ ಎಲ್ ಬುಟ್ರಿ?"

ಕೋತಿಗಳು ಹೊತ್ತೊಯ್ಯುತ್ತವೆಂದು ಅವನ್ನೂ ನಾನೇ ಡಿಕ್ಕಿಯಲ್ಲಿಟ್ಟಿದ್ದೆ. ಹೇಳಿದೆ.

"ಓದಿರೋರ ಬುದ್ಧಿ ಇಂಗೇ," ಎಂದಳು. "ಮೊದ್ಲು ಈ ಆಡು ಒಡ್ಕಂಡು ಓಗಿ ಕಟ್ಟಾಕ್ತೀನಿ, ಆಮೇಲೆ..."

"ಆಡು ಇರ್ಲಿ, ಈಗ್ಲೇ ಓಡಿ. ಕೈ ಮುಗೀತೀನಿ."

ಅಷ್ಟರಲ್ಲಿ ಅಮ್ಮ ಹಿಂದಿನಿಂದ ನನ್ನ ದುಪಟ್ಟಾ ಎಳೆದಳು. ತೂತು ಬಿಟ್ಟರೆ ಆ ಹೆಂಗಸು ಹೊರಟೇಹೋಗುತ್ತಾಳೆಂದು ನನಗೆ ಭಯ. ಮೊಣಕೈಯಿಂದ ಅಮ್ಮನ ಕೈಯನ್ನು ತಳ್ಳಿದೆ. ಮತ್ತೆ ಎಳೆದಳು. ಮತ್ತೆ ತಳ್ಳಿದೆ. ಆಕೆ ಓಡಿದ ಮೇಲೆ ತಿರುಗಿದರೆ ಅಮ್ಮ ನೆಲದಲ್ಲಿ ಕುಸಿದಿದ್ದಳು. ಎತ್ತಿ ತೂತಿಗೆ ಅವಳ ಮುಖ ಹಿಡಿದು ನಿಂತೆ.

ಅರ್ಚಕರು ಮೊಪೆಡ್ಡಿನಲ್ಲಿ ವಾಪಸು ಬಂದು ಬೀಗ ತೆಗೆದರು. ನಾನು ಇನ್‌ಹೇಲರ್ ತರುವವರೆಗೂ ಹೆಗಲ ಮೇಲಿನ ವಸ್ತ್ರದಲ್ಲಿ ಗಾಳಿ ಹಾಕುತ್ತಿದ್ದರು. ಅಮ್ಮ ಉಳಿದಳು.

ಇವತ್ತಿಗೂ ಅಮ್ಮ ಬಂದವರೆದುರು ಆ ಹೆಂಗಸನ್ನು ಹೊಗಳುತ್ತಾಳೆ. ನಾನು ಅವಳ ಕೈ ತಳ್ಳಿದ್ದನ್ನು ಮಾತ್ರ ಎತ್ತುವುದಿಲ್ಲ. ಅವಳಿಗೆ ನೆನಪಿದೆಯೇ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.